ರಂಗಪ್ರವೇಶಕ್ಕೊಂದು ಲೆನ್ಸು

ಮಗಳ ಭರತನಾಟ್ಯದ ರಂಗಪ್ರವೇಶಕ್ಕೆ ಇನ್ನು ಆರು ವಾರಗಳು ಉಳಿದಿರುವ ಒಂದು ಸಂಸಾರವನ್ನು ವಾಚಕರು ಊಹಿಸಿಕೊಳ್ಳಬಹುದು. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಮನೆ. ಯಜಮಾನರು ಬ್ಯಾಂಕಿನಲ್ಲಿ ನೌಕರರು. ಮನೆಯಾಕೆ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯಿನಿ. ಸಭಾಭವನದ ಬಾಡಿಗೆ, ಪಕ್ಕವಾದ್ಯದವರ ಸಂಭಾವನೆ, ಎರಡು ಜೊತೆ ರೇಷ್ಮೆಯ ಉಡುಪು, ತಲೆಯಿಂದ ಸೊಂಟದವರೆಗಿನ ಆಭರಣ, ಬಂದವರಿಗೆ ಊಟ ಎಂದು ಲೆಕ್ಕ ಹಾಕುತ್ತ ಹೋದಂತೆ ಪಟ್ಟಿ ಉದ್ದವಾಗುತ್ತಲೇ ಇದೆ. ವೀಡಿಯೋ ತೆಗೆಯುವುದಕ್ಕೆ ವೃತ್ತಿಯವರನ್ನೇ ಗೊತ್ತು ಮಾಡಿದ್ದಾಯಿತು. ಛಾಯಾಚಿತ್ರಗಳಿಗೂ ಬೇರೆ ಹಣ ಕೊಡುವ ಶಕ್ತಿ ಉಳಿಯಲಿಲ್ಲ. "ಅದನ್ನು ನಾನೇ ತೆಗೆಯುತ್ತೇನೆ" ಎಂದು ಯಜಮಾನರು ಒಪ್ಪಿಕೊಂಡುಬಿಟ್ಟರು.

ಒಪ್ಪಿಕೊಂಡ ಮರುದಿನವೇ ಅವರಿಗೆ ದಿಗಿಲು ಹತ್ತಿತು. ಮನೆಯಲ್ಲಿ ನಿಕಾನ್ ಸಂಸ್ಥೆಯ ಡಿ 5600 ಎಂಬ ಡಿಜಿಟಲ್ ಕ್ಯಾಮರಾ ಇದೆ. 2016ರ ಕೊನೆಯಲ್ಲಿ ಪೇಟೆಗೆ ಬಂದ ಮಾದರಿ. ಅದರೊಡನೆ ಬಂದ 18–55 ಮಿ.ಮೀ. ಲೆನ್ಸು ಹುಟ್ಟುಹಬ್ಬಕ್ಕೂ ಪ್ರವಾಸಕ್ಕೂ ಒದಗಿದೆಯೇ ಹೊರತು, ಕಳೆದ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಅದು ತೆಗೆದ ಚಿತ್ರಗಳಲ್ಲಿ ಮಗಳ ಕೈಗಳೆಲ್ಲ ಬಿಳಿಯ ಹೊಗೆಯಂತೆ ಕಲಸಿಹೋಗಿದ್ದವು. ಒಂದು ಹೊಸ ಲೆನ್ಸು ಬೇಕೇ ಬೇಕು. ಅದಕ್ಕೆಂದು ತೆಗೆದಿಟ್ಟ ಮೊತ್ತ 25 ಸಾವಿರ ರೂಪಾಯಿ. ತಪ್ಪು ಲೆನ್ಸನ್ನು ಕೊಂಡರೆ ಹಣ ಹೇಗೋ ಮತ್ತೆ ಕೂಡೀತು, ಆ ಸಂಜೆ ಮತ್ತೆ ಬಾರದು.

ನಿಕಾನ್ ಆಗಲಿ ಕ್ಯಾನನ್ ಆಗಲಿ ತನ್ನ ಕ್ಯಾಮರಾಗಳಿಗೆ ತಾನೇ ಲೆನ್ಸುಗಳನ್ನೂ ತಯಾರಿಸುತ್ತದೆ. ಇವುಗಳ ಬೆಲೆ ಮೇಲುದರ್ಜೆಗೆ ಹೋದಂತೆ ಕೈಗೆಟುಕದಷ್ಟು ಏರುತ್ತದೆ. ಹೀಗಿರುವಲ್ಲಿ ಕ್ಯಾಮರಾ ಮಾಡದೆ, ಅಥವಾ ಅದನ್ನು ಮುಖ್ಯವೆಂದು ಎಣಿಸದೆ, ಅನ್ಯರ ಕ್ಯಾಮರಾಗಳಿಗೆ ಹೊಂದುವ ಲೆನ್ಸುಗಳನ್ನೇ ಕಸುಬಾಗಿ ಮಾಡಿಕೊಂಡ ಸಂಸ್ಥೆಗಳುಂಟು. ಅಂಗಡಿಯವರು ಇವನ್ನು 'ಥರ್ಡ್ ಪಾರ್ಟಿ' ಎನ್ನುತ್ತಾರೆ. ಟ್ಯಾಮ್ರಾನ್, ಸಿಗ್ಮಾ, ಟೋಕಿನಾ ಎಂಬ ಮೂರು ಜಪಾನೀ ಹೆಸರುಗಳು ಇವುಗಳ ಪೈಕಿ ಬಹುಕಾಲದಿಂದ ಪ್ರಸಿದ್ಧವಾದವು. ಇವನ್ನು ನಕಲಿ ಸರಕೆಂದು ತಿಳಿಯುವವರು ಇಂದಿಗೂ ಇದ್ದಾರೆ. ಅದು ಶುದ್ಧ ತಪ್ಪು. ಟ್ಯಾಮ್ರಾನ್ ಹುಟ್ಟಿದ್ದು 1950ರಲ್ಲಿ, ಬೇರೆ ಹೆಸರಿನಲ್ಲಿ. ತಮುರಾ ಎಂಬ ದೃಗ್ವಿಜ್ಞಾನಿಯ ಹೆಸರಿನಿಂದ ಬಂದ ಈಗಿನ ನಾಮಧೇಯವು ಮೊದಲು ಲೆನ್ಸುಗಳ ಮೇಲೆ ಕಾಣಿಸಿಕೊಂಡು, 1970ರಲ್ಲಿ ಸಂಸ್ಥೆಗೇ ಹೆಸರಾಯಿತು. ಸಿಗ್ಮಾ 1961ರಲ್ಲಿ ಆರಂಭವಾಯಿತು. ಅದರ ಕಾರ್ಖಾನೆ ಜಪಾನಿನ ಐಜು ಪ್ರಾಂತದಲ್ಲಿದೆ. ಹೆಸರು ನೂರಾರು ಕ್ಯಾಮರಾಗಳ ಮೇಲೆ ಮೆರೆಯುವುದಿಲ್ಲವೆಂಬುದನ್ನು ಬಿಟ್ಟರೆ, ಗಾಜನ್ನು ಉಜ್ಜುವ ವಿದ್ಯೆಯಲ್ಲಿ ಇವರು ಯಾರಿಗೂ ಕಡಮೆಯವರಲ್ಲ. ಜೂಮ್ ಲೆನ್ಸೂ ದೊಡ್ಡ ಕ್ಯಾಮರಾ ಕಾರ್ಖಾನೆಗಳ ಏಕಸ್ವಾಮ್ಯದ ಸಂಗತಿಯಾಗಿರಲಿಲ್ಲ. ಸ್ಥಿರಚಿತ್ರದ ಕ್ಯಾಮರಾಕ್ಕೆ ಅಂಥ ಲೆನ್ಸು ಮೊದಲು ಮಾರಾಟಕ್ಕೆ ಬಂದದ್ದು 1959ರಲ್ಲಿ. ಅದು 36ರಿಂದ 82 ಮಿ.ಮೀ.ವರೆಗೆ ಓಡುವ 'ಜೂಮಾರ್'. ಮಾರಿದವರು ಜರ್ಮನಿಯ ಫಾಗ್ಟ್‌ಲೆಂಡರ್ ಸಂಸ್ಥೆಯವರು, ರೂಪಿಸಿದವನು ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಫ್ರಾಂಕ್ ಬ್ಯಾಕ್ ಎಂಬ ಹೊರಗಿನವನು.

ಇಷ್ಟನ್ನು ಓದಿ ತಿಳಿದುಕೊಂಡ ಯಜಮಾನರಿಗೆ ಮೊದಲ ನೋಟಕ್ಕೇ ಪ್ರೀತಿ ಹುಟ್ಟಿದ್ದು ಟ್ಯಾಮ್ರಾನಿನ 18–200 ಮಿ.ಮೀ. ಲೆನ್ಸಿನ ಮೇಲೆ. 2015ರಲ್ಲಿ ಬಂದ ಇದರ ತೂಕ ಕೇವಲ 400 ಗ್ರಾಂ. ಒಂದೇ ಲೆನ್ಸಿನಲ್ಲಿ ಹನ್ನೊಂದು ಪಟ್ಟು ಓಟ. ಸಭಾಭವನದ ಕೊನೆಯ ಸಾಲಿನಲ್ಲಿ ಕುಳಿತರೂ ಮಗಳ ಕಣ್ಣು ಹುಬ್ಬುಗಳನ್ನು ಹಿಡಿಯಬಹುದು, ಬೆಲೆಯೂ ಹದವಾದುದು. ಇನ್ನೇನು ಬೇಕು?

ಶಿವಮೊಗ್ಗದಲ್ಲಿರುವ ಭಾವಮೈದುನನನ್ನು ಕೇಳಿದರೆ ಆತನ ಮಾತೇ ಬೇರೆ. ಪಕ್ಷಿಗಳ ಹುಚ್ಚಿನವನು, ಮಳೆಗಾಲದಲ್ಲಿ ಭಾನುವಾರ ಬಂತೆಂದರೆ ಮಂಡಗದ್ದೆಯ ತುಂಗೆಯ ದಡದಲ್ಲಿ ಬೆಳ್ಳಕ್ಕಿಗಳ ಗೂಡು ನೋಡುತ್ತ ನಿಲ್ಲುವವನು. "ಭಾವ, ಕಣ್ಣು ಮುಚ್ಚಿಕೊಂಡು 70–300 ತೆಗೆದುಕೊಳ್ಳಿ. ನನ್ನ ಹತ್ತಿರ ಇರುವುದೂ ಟ್ಯಾಮ್ರಾನಿನದೇ. ಅದರಷ್ಟು ಅಗ್ಗಕ್ಕೆ ಅಷ್ಟು ಉದ್ದದ ಲೆನ್ಸು ಎಲ್ಲಿಯೂ ಸಿಗುವುದಿಲ್ಲ" ಎಂದು ಆತ ದೂರವಾಣಿಯಲ್ಲಿ ಖಂಡಿತವಾಗಿ ನುಡಿದನು.

ಆತನು ಹೇಳಿದ್ದು ಆತನ ಮಟ್ಟಿಗೆ ದಿಟವೇ. ಹಗಲು ಬೆಳಕು ಧಾರಾಳವಾಗಿರುವಾಗ, 20 ಮೀಟರು ದೂರದ ಕೊಂಬೆಯ ಮೇಲೆ ಹಕ್ಕಿ ಕುಳಿತಿರುವಾಗ, 300 ಮಿ.ಮೀ. ಲೆನ್ಸಿನಲ್ಲಿ ನಿಲುವಾದ ಚಿತ್ರದೊಳಗೆ ಒಂದೂವರೆ ಮೀಟರು ಎತ್ತರದ ದೃಶ್ಯ ಮಾತ್ರ ಹಿಡಿಯುತ್ತದೆ. ಬೆಳ್ಳಕ್ಕಿ ಸಾಕಷ್ಟು ದೊಡ್ಡದಾಗಿಯೇ ಕಾಣುತ್ತದೆ. ಬಿಸಿಲಿಗೂ ಹಕ್ಕಿಗೂ ಅದು ಒಳ್ಳೆಯ ಜೋಡಿ. ಆದರೆ ಸಭಾಭವನದಲ್ಲಿ ಬಿಸಿಲಿಲ್ಲ, ನರ್ತಿಸುವವಳು ಕೊಂಬೆಯ ಮೇಲೆ ಕುಳಿತಿರುವುದೂ ಇಲ್ಲ.

ಎರಡು ಪಕ್ಷಗಳ ವಾದವನ್ನೂ ಉತ್ತರಪತ್ರಿಕೆ ತಿದ್ದುತ್ತಲೇ ಕೇಳಿಸಿಕೊಳ್ಳುತ್ತಿದ್ದ ಮನೆಯಾಕೆ ಒಂದು ಪ್ರಶ್ನೆ ಹಾಕಿದರು. "ಅಲ್ಲಾ ರೀ, ಎಲ್ಲರೂ ಎಷ್ಟು ಉದ್ದ, ಎಷ್ಟು ಪಟ್ಟು ಅಂತಲೇ ಹೇಳುತ್ತೀರಲ್ಲ, ಬೆಳಕು ಎಷ್ಟು ಒಳಗೆ ಬರುತ್ತದೆ ಅಂತ ಯಾರೂ ಹೇಳಲಿಲ್ಲ?"

ಲೆನ್ಸಿನ ಮೂತಿಯ ಸುತ್ತ ಕೆತ್ತಿರುವ ಅಂಕಿಗಳಲ್ಲಿ ಜನ ಓದುವುದು ಮಿ.ಮೀ. ಲೆಕ್ಕವನ್ನು, ಓದದೆ ಬಿಡುವುದು ಅದರ ಪಕ್ಕದ ಎಫ್ ಸಂಖ್ಯೆಯನ್ನು. ಈ ಸಂಖ್ಯೆಯಲ್ಲಿ ಗೂಢವೇನೂ ಇಲ್ಲ. ಲೆನ್ಸಿನ ಸಂಗಮದೂರವನ್ನು ಅದರ ಬೆಳಕಿನ ಕಂಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಭಾಗಲಬ್ಧವೇ ಅದು. 50 ಮಿ.ಮೀ. ದೂರದಲ್ಲಿ ಎಫ್ 5.6 ಎಂದರೆ ಕಂಡಿ ಸುಮಾರು 9 ಮಿ.ಮೀ. ಅಗಲ, ಎಫ್ 2.8 ಎಂದರೆ ಸುಮಾರು 18 ಮಿ.ಮೀ. ಅಗಲ. ವ್ಯಾಸ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿಯಾಗುತ್ತದೆಂದು ಎಂಟನೆಯ ತರಗತಿಯ ಮಕ್ಕಳೂ ಬಲ್ಲರು. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಯಜಮಾನರು ಮೆಚ್ಚಿದ ಲೆನ್ಸು 200 ಮಿ.ಮೀ. ತುದಿಗೆ ಬಂದಾಗ ಎಫ್ 6.3 ಆಗಿರುತ್ತದೆ, ಅಂದರೆ ಎಫ್ 2.8ರ ಲೆನ್ಸಿಗೆ ಹೋಲಿಸಿದರೆ ಐದರಲ್ಲಿ ಒಂದು ಪಾಲು ಬೆಳಕು.

ಈ ಐದರಲ್ಲೊಂದು ಪಾಲಿನ ಪರಿಣಾಮವೇನೆಂಬುದನ್ನು ರಂಗದ ಮೇಲೆ ಇಟ್ಟು ನೋಡಬೇಕು. ಸಭಾಭವನದ ದೀಪಗಳಲ್ಲಿ, ಐಎಸ್‌ಓ 1600 ಎಂಬ ಸಂವೇದನೆಯಲ್ಲಿ, ಎಫ್ 2.8ರ ಲೆನ್ಸು ಒಂದು ಸೆಕೆಂಡಿನ 250ನೆಯ ಒಂದು ಭಾಗದಲ್ಲಿ ಚಿತ್ರ ಹಿಡಿಯುತ್ತದೆಂದು ಇಟ್ಟುಕೊಂಡರೆ, ಅದೇ ಚಿತ್ರಕ್ಕೆ ಎಫ್ 6.3ರ ಲೆನ್ಸು ಕೇಳುವುದು 50ನೆಯ ಒಂದು ಭಾಗವನ್ನು. ಅಭಿನಯದಲ್ಲಿ ನಾಯಿಕೆ ಕಣ್ಣರಳಿಸಿ ನಿಂತಾಗ ಅಷ್ಟು ಕಾಲ ಸಿಕ್ಕೀತು. ಜತಿ ಓಡುತ್ತಿರುವಾಗ ಆ ಅವಧಿಯಲ್ಲಿ ಕೈ ಸಾಗಿಬಿಟ್ಟಿರುತ್ತದೆ. ವಾರ್ಷಿಕೋತ್ಸವದ ಚಿತ್ರಗಳಲ್ಲಿ ಕಂಡ ಹೊಗೆ ಇದೇ. ಬೇಕಾದರೆ ಸಂವೇದನೆಯನ್ನು 8000ಕ್ಕೆ ಏರಿಸಿ ಕಾಲವನ್ನು ಉಳಿಸಿಕೊಳ್ಳಬಹುದು. ಆಗ ಚಿತ್ರವೆಲ್ಲ ರವೆ ಚೆಲ್ಲಿದಂತೆ ಕಾಳುಕಾಳಾಗುತ್ತದೆ. ಇಂದಿನ ತಂತ್ರಾಂಶಗಳು ಆ ಕಾಳುಗಳನ್ನು ಬಹಳ ಮಟ್ಟಿಗೆ ನಯಗೊಳಿಸುತ್ತವೆ. ಆದರೆ ಕಲಸಿಹೋದ ಹಸ್ತಮುದ್ರೆಯನ್ನು ಬಿಡಿಸಿ ಕೊಡುವ ತಂತ್ರ ಯಾವುದೂ ನೆಚ್ಚತಕ್ಕದ್ದಲ್ಲ.

ಫ್ಲಾಶ್ ದೀಪದ ಮಾತನ್ನು ಎತ್ತುವುದೇ ಸಲ್ಲದು. ನರ್ತಿಸುವವಳ ಕಣ್ಣಿಗೆ ಅದು ಹಿಂಸೆ, ಗುರುಗಳಿಗೆ ಸಿಟ್ಟು, ರಂಗದ ಬಣ್ಣದ ಬೆಳಕೆಲ್ಲ ಸುಣ್ಣ ಬಳಿದಂತೆ.

ಲೆನ್ಸಿನೊಳಗಿನ ಕಂಪನ ನಿವಾರಣೆಯ ಏರ್ಪಾಡಿನ ಬಗೆಗೂ ಅಂಗಡಿಗಳಲ್ಲಿ ಬಹಳ ಭರವಸೆ ಕೊಡಲಾಗುತ್ತದೆ. ಟ್ಯಾಮ್ರಾನ್ ಇದನ್ನು ವಿ.ಸಿ. ಎಂದು, ಸಿಗ್ಮಾ ಓ.ಎಸ್. ಎಂದು ಗುರುತಿಸುತ್ತದೆ. ಇದು ನಿವಾರಿಸುವುದು ಕ್ಯಾಮರಾ ಹಿಡಿದವನ ಕೈ ನಡುಕವನ್ನು. ಎದುರಿಗಿರುವವಳ ಚಲನೆಯನ್ನು ಅದು ತಡೆಯಲಾರದು. ಕತ್ತಲ ಗುಡಿಯೊಳಗಿನ ಕಂಬದ ಕೆತ್ತನೆಯನ್ನು ತೆಗೆಯುವವನಿಗೆ ಅದು ವರ; ತಿಲ್ಲಾನವನ್ನು ತೆಗೆಯುವವನಿಗೆ ಅದರಿಂದ ಆಗುವ ಉಪಕಾರ ಅಲ್ಪ.

ಹಾಗಾದರೆ ಉದ್ದವೂ ಬೇಕು, ಬೆಳಕೂ ಬೇಕು ಎಂದರೆ? 70–200 ಮಿ.ಮೀ., ಎಫ್ 2.8 ಎಂಬ ಲೆನ್ಸುಗಳುಂಟು. ವೃತ್ತಿಯವರ ಹೆಗಲ ಮೇಲೆ ಕಾಣುವುದು ಅವೇ. ಆದರೆ ಭಾಗಾಕಾರವನ್ನು ಮರೆಯುವಂತಿಲ್ಲ. 200ನ್ನು 2.8ರಿಂದ ಭಾಗಿಸಿದರೆ 71. ಅಷ್ಟು ಮಿ.ಮೀ. ಅಗಲದ ಕಂಡಿಗೆ ಅದಕ್ಕಿಂತಲೂ ಅಗಲವಾದ ಗಾಜು ಬೇಕು, ಗಾಜಿನ ಹಿಂದೆ ಗಾಜು ಬೇಕು. 2017ರಲ್ಲಿ ಟ್ಯಾಮ್ರಾನ್ ಹೊರತಂದ ಅಂಥ ಲೆನ್ಸಿನ ತೂಕ ಒಂದೂವರೆ ಕಿಲೋ. ಅನ್ಯ ತಯಾರಕರದಾದರೂ ಅದರ ಬೆಲೆ ಈ ಸಂಸಾರದ ಮೊತ್ತವನ್ನು ಬಹುದೂರ ಮೀರಿ ನಿಲ್ಲುತ್ತದೆ.

ಇಲ್ಲಿಗೆ ವಾದ ಮುಗಿಯಬೇಕಾಗಿತ್ತು. ಮನೆಯಾಕೆ ಮಾತ್ರ ಶನಿವಾರ ಶಾಲೆ ಮುಗಿಸಿಕೊಂಡು ಬರುವಾಗ ಸಭಾಭವನಕ್ಕೆ ಹೋಗಿ, ಹೊಲಿಗೆ ಪೆಟ್ಟಿಗೆಯ ಟೇಪಿನಿಂದ ಅಳತೆ ಮಾಡಿಕೊಂಡು ಬಂದರು. ರಂಗದ ನಡುಭಾಗದಿಂದ ಮೊದಲ ಸಾಲಿನ ಮುಂದಿನ ನೆಲಕ್ಕೆ 5 ಮೀಟರು. ಆರನೆಯ ಸಾಲಿಗೆ 10 ಮೀಟರು.

ಈ ಎರಡು ಅಂಕಿಗಳು ಸಿಕ್ಕ ಮೇಲೆ ಉಳಿದುದು ತ್ರೈರಾಶಿಯ ಲೆಕ್ಕ. ಡಿ 5600 ಕ್ಯಾಮರಾದ ಸೆನ್ಸರಿನ ಉದ್ದ 23.5 ಮಿ.ಮೀ. ಕ್ಯಾಮರಾವನ್ನು ನಿಲುವಾಗಿ ಹಿಡಿದರೆ, 50 ಮಿ.ಮೀ. ಲೆನ್ಸಿನಲ್ಲಿ 10 ಮೀಟರು ದೂರದಿಂದ 4.7 ಮೀಟರು ಎತ್ತರದ ದೃಶ್ಯ ಹಿಡಿಯುತ್ತದೆ. ಹುಡುಗಿಯ ಎತ್ತರ ಐದು ಅಡಿ ಮೂರು ಅಂಗುಲ, ಎಂದರೆ 1.6 ಮೀಟರು, ಚಿತ್ರದ ಮೂರನೆಯ ಒಂದು ಭಾಗದಲ್ಲಿ ಅವಳು ನಿಲ್ಲುತ್ತಾಳೆ. ಇದು ಸಣ್ಣದೆಂದು ತೋರುವುದು ಸಹಜ. ಆದರೆ ಈ ಕ್ಯಾಮರಾದ ಚಿತ್ರದಲ್ಲಿ ಉದ್ದಕ್ಕೆ 6000 ಬಿಂದುಗಳಿವೆ. ಮೂರನೆಯ ಒಂದು ಭಾಗವೆಂದರೆ 2000 ಬಿಂದು. ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚು ಹಾಕಿಸಿದರೆ, ಸುತ್ತಲಿನದನ್ನು ಕತ್ತರಿಸಿ ತೆಗೆದ ಮೇಲೂ ಆರೂವರೆ ಅಂಗುಲಕ್ಕೂ ಮಿಗಿಲಾದ ಎತ್ತರದಲ್ಲಿ ಹುಡುಗಿ ಆಲ್ಬಮ್ಮಿನಲ್ಲಿ ನಿಲ್ಲುತ್ತಾಳೆ. ಇನ್ನು 5 ಮೀಟರು ದೂರದಲ್ಲಿ ಕುಳಿತರೆ ಅದೇ ಲೆನ್ಸಿನಲ್ಲಿ ಅವಳು ಚಿತ್ರದ ಮೂರನೆಯ ಎರಡು ಭಾಗವನ್ನು ತುಂಬುತ್ತಾಳೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೂ ಅದು ಸಾಕು.

200 ಮಿ.ಮೀ. ಉದ್ದವನ್ನು ಹಣ ಕೊಟ್ಟು ಕೊಳ್ಳುವ ಬದಲು ಐದು ಸಾಲು ಮುಂದಕ್ಕೆ ಹೋಗಿ ಕುಳಿತರೆ ಆಯಿತೆಂಬುದು ಉಪಾಧ್ಯಾಯಿನಿಯವರ ಸಾಧನೆ. ಯಜಮಾನರು ಮೊದಲು ಒಪ್ಪಲಿಲ್ಲ. ಬಳಿಕ ಟೇಪನ್ನು ತಾವೇ ಹಿಡಿದು ನಡುಮನೆಯಲ್ಲಿ 5 ಮೀಟರು ಅಳೆದು, ಮಗಳನ್ನು ಅರೆಮಂಡಿಯಲ್ಲಿ ನಿಲ್ಲಿಸಿ, ಇದ್ದ ಹಳೆಯ ಲೆನ್ಸನ್ನು 50ಕ್ಕೆ ತಿರುಗಿಸಿ ನೋಡಿ ಸುಮ್ಮನಾದರು.

ಈ ಲೆಕ್ಕಕ್ಕೆ ಒಗ್ಗುವ ಲೆನ್ಸುಗಳ ಜಾತಿಯೇ ಒಂದಿದೆ. 17ರಿಂದ 50 ಮಿ.ಮೀ.ವರೆಗೆ ಓಡುವ, ಎಲ್ಲ ಕಡೆಯೂ ಎಫ್ 2.8 ಆಗಿಯೇ ಉಳಿಯುವ ಜೂಮ್ ಲೆನ್ಸುಗಳು ಅವು. ಓಟ ಮೂರು ಪಟ್ಟೇ. ಕೇಳಿದವರಿಗೆ ಹೆಮ್ಮೆಯಿಂದ ಹೇಳಿಕೊಳ್ಳುವಂಥದಲ್ಲ. ಆದರೆ 17ರ ತುದಿಯಲ್ಲಿ 5 ಮೀಟರು ದೂರದಿಂದ ಸುಮಾರು 7 ಮೀಟರು ಅಗಲದ ರಂಗ ಹಿಡಿಯುತ್ತದೆ. ಹುಡುಗಿಯೊಡನೆ ನಟುವಾಂಗದ ಗುರುಗಳೂ ಮೃದಂಗದವರೂ ಹಾಡುವವರೂ ಒಂದೇ ಚಿತ್ರದಲ್ಲಿ ಬರುತ್ತಾರೆ. 50ರ ತುದಿಯಲ್ಲಿ ಹುಡುಗಿ ಒಬ್ಬಳೇ. ನಿಕಾನ್ ಸಂಸ್ಥೆಯೇ 2003ರಲ್ಲಿ ಈ ಬಗೆಯ 17–55ನ್ನು ಹೊರತಂದಿತ್ತು: 755 ಗ್ರಾಂ ತೂಕ, ಗಟ್ಟಿಮುಟ್ಟಾದ ಲೋಹದ ಮೈ, ಶ್ರೀಮಂತರ ಬೆಲೆ. ಟ್ಯಾಮ್ರಾನ್ 2006ರಲ್ಲಿ ತನ್ನ 17–50ನ್ನು ತಂದಾಗ ಅದರ ತೂಕ 430 ಗ್ರಾಂಗಳ ಸುತ್ತಮುತ್ತ, ಬೆಲೆ ನಿಕಾನಿನದರ ಅರ್ಧಕ್ಕೂ ಕಡಮೆ. ಕೈಬಿಟ್ಟುದೇನು? ಲೋಹದ ಬದಲು ಪ್ಲಾಸ್ಟಿಕ್ ಮೈ. ಮೌನವಾಗಿ ಓಡುವ ಮೋಟಾರಿನ ಬದಲು ಸದ್ದು ಮಾಡುವ, ತುಸು ನಿಧಾನವಾದ ಮೋಟಾರು. ಗಾಜಿನಲ್ಲಿ ಮಾತ್ರ ಅಂಥ ಜಿಪುಣತನ ತೋರಲಿಲ್ಲ. ಚಿತ್ರದ ನಡುಭಾಗ ಕಂಡಿ ಪೂರ್ತಿ ತೆರೆದಿದ್ದಾಗಲೂ ಚೊಕ್ಕಟವಾಗಿ ಬರುತ್ತದೆಂಬ ಹೆಸರು ಅದಕ್ಕೆ ಬಂದಿತು. 2009ರಲ್ಲಿ ಅದೇ ಲೆನ್ಸಿಗೆ ಕಂಪನ ನಿವಾರಣೆಯನ್ನು ಸೇರಿಸಿ ಇನ್ನೊಂದನ್ನು ತಂದರು. ಸಿಗ್ಮಾದ 17–50 ಬಂದದ್ದು 2010ರಲ್ಲಿ, ಅದರಲ್ಲಿ ಕಂಪನ ನಿವಾರಣೆಯೂ ಮೌನದ ಮೋಟಾರೂ ಎರಡೂ ಉಂಟು; ತೂಕ 565 ಗ್ರಾಂ. ನೃತ್ಯಕ್ಕೆ ಕಂಪನ ನಿವಾರಣೆ ಅಷ್ಟು ಮುಖ್ಯವಲ್ಲವೆಂದ ಮೇಲೆ, ಟ್ಯಾಮ್ರಾನಿನ ಹಳೆಯ ಸಾದಾ ಮಾದರಿಯೇ ಈ ಸಂಸಾರಕ್ಕೆ ಎಲ್ಲಕ್ಕಿಂತ ಮಿತವ್ಯಯದ್ದು. ಬಳಸಿದ ಲೆನ್ಸುಗಳ ಪೇಟೆಯಲ್ಲಿ ಅದು ಅವರ ಮೊತ್ತದೊಳಗೆ ಸಿಗುತ್ತದೆ.

ಜೂಮ್ ಬೇಡವೆನ್ನುವವರಿಗೆ ಇನ್ನೂ ಅಗ್ಗದ ದಾರಿಯೊಂದಿದೆ: 50 ಮಿ.ಮೀ., ಎಫ್ 1.8ರ ಸ್ಥಿರ ಲೆನ್ಸು. ಎಫ್ 2.8ಕ್ಕಿಂತ ಅದು ಎರಡೂಕಾಲು ಪಟ್ಟಿಗೂ ಮಿಗಿಲಾದ ಬೆಳಕು ಕೊಡುತ್ತದೆ. ಆದರೆ ಕುಳಿತ ಕಡೆಯಿಂದ ಏಳುವಂತಿಲ್ಲದ ಸಭೆಯಲ್ಲಿ ರಂಗವನ್ನೆಲ್ಲ ಒಮ್ಮೆ, ಹುಡುಗಿಯನ್ನು ಒಮ್ಮೆ ಹಿಡಿಯಬೇಕಾದವನಿಗೆ ಅದೊಂದೇ ಸಾಲದು.

ಲೆನ್ಸು ಯಾವುದೆಂದು ಗೊತ್ತಾದ ಮಾತ್ರಕ್ಕೆ ಕೊಳ್ಳುವ ಕೆಲಸ ಮುಗಿಯಲಿಲ್ಲ. ಅನ್ಯ ತಯಾರಕರ ಲೆನ್ಸಿನಲ್ಲಿ ಜನ ಹೆಚ್ಚಾಗಿ ಮೋಸಹೋಗುವುದು ಗಾಜಿನಲ್ಲಲ್ಲ, ಹೊಂದಾಣಿಕೆಯಲ್ಲಿ. ಒಂದೇ ಲೆನ್ಸನ್ನು ನಿಕಾನಿಗೆ ಬೇರೆ, ಕ್ಯಾನನಿಗೆ ಬೇರೆ, ಸೋನಿಗೆ ಬೇರೆ ಬುಡವಿಟ್ಟು ಮಾಡಿರುತ್ತಾರೆ. ಒಂದರದು ಇನ್ನೊಂದಕ್ಕೆ ಕೂಡದು. ಬುಡ ಕೂಡಿದರೂ ನಿಕಾನಿನ ಡಿ 3000, ಡಿ 5000 ಸಾಲಿನ ಕ್ಯಾಮರಾಗಳ ಮೈಯೊಳಗೆ ಫೋಕಸ್ ಮಾಡುವ ಮೋಟಾರು ಇಲ್ಲ. ಲೆನ್ಸಿನೊಳಗೇ ಅದು ಇರಬೇಕು. ಟ್ಯಾಮ್ರಾನಿನ ಮೊದಲ 17–50ಗಳಲ್ಲಿ ನಿಕಾನಿಗಾಗಿ ಮಾಡಿದವು ಮೋಟಾರಿಲ್ಲದೆ ಬಂದವು, ತರುವಾಯ ಮಾಡಿದವು ಮೋಟಾರಿನೊಡನೆ ಬಂದವು. ಹೆಸರೂ ರೂಪವೂ ಒಂದೇ. ಮೋಟಾರಿಲ್ಲದ್ದನ್ನು ಡಿ 5600ಕ್ಕೆ ಹಾಕಿದರೆ ಕೈಯಿಂದಲೇ ಉಂಗುರ ತಿರುಗಿಸಿ ಫೋಕಸ್ ಮಾಡಬೇಕು. ನರ್ತಿಸುವವಳ ಮುಂದೆ ಅದು ಆಗಿಹೋಗುವ ಮಾತಲ್ಲ. ಲೆನ್ಸಿನ ಬುಡದ ಲೋಹದ ಉಂಗುರದಲ್ಲಿ ತಿರುಪುಳಿಯ ಬಾಯಿಗೆ ಹೊಂದುವಂಥ ಸಣ್ಣ ಸೀಳು ಇದ್ದರೆ, ಅದು ಕ್ಯಾಮರಾದ ಮೋಟಾರನ್ನು ನೆಚ್ಚಿದ ಲೆನ್ಸೆಂದು ಅನುಮಾನಿಸಬೇಕು.

ಇದಲ್ಲದೆ ಕ್ಯಾಮರಾವೂ ಲೆನ್ಸೂ ವಿದ್ಯುತ್ ಸಂಕೇತಗಳಲ್ಲಿ ಮಾತನಾಡಿಕೊಳ್ಳುತ್ತವೆ. ಆ ಭಾಷೆಯನ್ನು ಕ್ಯಾಮರಾ ತಯಾರಕರು ಬಹುಮಟ್ಟಿಗೆ ಗುಟ್ಟಾಗಿಡುತ್ತ ಬಂದುದರಿಂದ, ಹೊರಗಿನವರು ಅದನ್ನು ಕೇಳಿ ಕೇಳಿ ಕಲಿತವರು. ಕ್ಯಾಮರಾ ಹೊಸದಾದಾಗ ಭಾಷೆ ತುಸು ಬದಲಾಗಿ, ಹಳೆಯ ಲೆನ್ಸು ಮೂಕವಾದ ಪ್ರಸಂಗಗಳುಂಟು. ಫಿಲ್ಮ್ ಕಾಲದ ಎಷ್ಟೋ ಲೆನ್ಸುಗಳು ಡಿಜಿಟಲ್ ಕ್ಯಾಮರಾಕ್ಕೆ ಹಾಕಿದೊಡನೆ ದೋಷಸೂಚನೆ ತೋರಿಸಿದುವು. ಇದಕ್ಕೆ ಪರಿಹಾರವಾಗಿಯೇ ಸಿಗ್ಮಾ 2013ರಲ್ಲಿ, ಟ್ಯಾಮ್ರಾನ್ 2016ರಲ್ಲಿ, ಲೆನ್ಸನ್ನು ಕಂಪ್ಯೂಟರಿಗೆ ಜೋಡಿಸಿ ಹೊಸ ಪಾಠ ಹೇಳಿಕೊಡುವ ಬಿಲ್ಲೆಯಂಥ ಉಪಕರಣಗಳನ್ನು ತಂದವು. ಆದರೆ ಅವು ಆಮೇಲಿನ ಲೆನ್ಸುಗಳಿಗೆ. 2006ರದಕ್ಕೆ ಆ ಭಾಗ್ಯವಿಲ್ಲ. ಆದುದರಿಂದ ಬಳಸಿದ ಲೆನ್ಸನ್ನು ಕೊಳ್ಳಹೋಗುವವರು ತಮ್ಮ ಕ್ಯಾಮರಾವನ್ನು ಕೊರಳಿಗೆ ಹಾಕಿಕೊಂಡೇ ಹೋಗುವುದು ಕ್ಷೇಮ.

ಹೋದ ಮೇಲೆ ಏನು ನೋಡಬೇಕೆಂಬುದನ್ನು ಶಿವಮೊಗ್ಗದ ಭಾವಮೈದುನ ಚೆನ್ನಾಗಿ ಬಲ್ಲ. ಒಮ್ಮೆ ಕೈ ಸುಟ್ಟುಕೊಂಡಿದ್ದಾನೆ. ಮಲೆನಾಡಿನ ಜೂನ್, ಜುಲೈ ತಿಂಗಳಲ್ಲಿ ಚರ್ಮದ ಚೀಲದಲ್ಲಿ ಮಡಗಿದ ಆತನ ಮೊದಲ ಲೆನ್ಸಿನೊಳಗೆ ನವರಾತ್ರಿಯ ಹೊತ್ತಿಗೆ ಜೇಡರ ಬಲೆಯಂತೆ ಬೂಷ್ಟು ಹರಡಿತ್ತು. ತೇವ ಹಿಡಿದ ಚರ್ಮಕ್ಕಿಂತ ಅದಕ್ಕೆ ಅನುಕೂಲವಾದ ಹಾಸಿಗೆ ಬೇರೆ ಇಲ್ಲ. ಬೂಷ್ಟು ಗಾಜಿನ ಲೇಪವನ್ನು ತಿಂದ ಮೇಲೆ ಒರೆಸಿದರೂ ಕಲೆ ಉಳಿಯುತ್ತದೆ. ಆತನ ಬುದ್ಧಿವಾದ ಹೀಗಿತ್ತು. "ಮೊಬೈಲಿನ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಓರೆಯಾಗಿ ಹಾಯಿಸಿ ನೋಡಿ, ಭಾವ. ಎರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ದಾರದಂತೆ, ಹಿಮದ ಹರಳಿನಂತೆ ಏನಾದರೂ ಕವಲೊಡೆದಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ."

ಮಾರುವವನ ಅಂಗಡಿಯ ಗೋಡೆಗೆ ದಿನಪತ್ರಿಕೆಯ ಒಂದು ಪುಟವನ್ನು ನೇರವಾಗಿ ಅಂಟಿಸಿ, ಕಂಡಿಯನ್ನು ಎಫ್ 2.8ಕ್ಕೆ ತೆರೆದು ಒಂದು ಚಿತ್ರ ತೆಗೆದು, ನಾಲ್ಕು ಮೂಲೆಗಳ ಅಕ್ಷರಗಳನ್ನು ಹಿಗ್ಗಿಸಿ ನೋಡಬೇಕು. ನಾಲ್ಕೂ ಒಂದೇ ಸಮನಾಗಿ ತುಸು ಮಂಕಾಗಿದ್ದರೆ ಅದು ಲೆನ್ಸಿನ ಸ್ವಭಾವ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಅದು ಎಂದೋ ಕೆಳಗೆ ಬಿದ್ದು ಒಳಗಿನ ಗಾಜು ಜರುಗಿದ ಗುರುತು. ಮತ್ತೊಂದು ಪರೀಕ್ಷೆ ಫೋಕಸ್ಸಿನದು. ಕಣ್ಣುಕಿಂಡಿಯಲ್ಲಿ ನೋಡಿ ತೆಗೆದ ಚಿತ್ರಕ್ಕೂ, ಹಿಂದಿನ ಪರದೆಯಲ್ಲಿ ನೋಡಿ ತೆಗೆದ ಚಿತ್ರಕ್ಕೂ ಸ್ಫುಟತೆಯಲ್ಲಿ ಅಜಗಜಾಂತರವಿದ್ದರೆ, ಲೆನ್ಸು ಮುಂದಕ್ಕೋ ಹಿಂದಕ್ಕೋ ಗುರಿ ತಪ್ಪುತ್ತಿದೆಯೆಂದು ತಿಳಿಯಬೇಕು. ದೊಡ್ಡ ಕ್ಯಾಮರಾಗಳಲ್ಲಿ ಇದನ್ನು ತಿದ್ದುವ ಅನುಕೂಲವುಂಟು, ಡಿ 5600ರಲ್ಲಿ ಇಲ್ಲ. ಹೊಸದನ್ನೇ ಕೊಳ್ಳುವವರಿಗೆ ಒಂದೇ ಎಚ್ಚರಿಕೆ: ರಸೀದಿ ಇಲ್ಲದೆ, ಭಾರತದಲ್ಲಿ ಸಲ್ಲುವ ಖಾತರಿ ಪತ್ರವಿಲ್ಲದೆ ಅಗ್ಗವಾಗಿ ಕೊಡುವ ಸರಕು ಕೆಟ್ಟ ದಿನ ಅನಾಥವಾಗುತ್ತದೆ.

ಕನ್ನಡಿಯಿಲ್ಲದ ಹೊಸ ತಲೆಮಾರಿನ ಕ್ಯಾಮರಾ ಇಟ್ಟುಕೊಂಡವರಿಗೆ ಈ ತೊಡಕುಗಳಲ್ಲಿ ಕೆಲವು ತಪ್ಪಿವೆ. ಅಲ್ಲಿ ಸೆನ್ಸರೇ ಫೋಕಸ್ ನೋಡಿಕೊಳ್ಳುವುದರಿಂದ ಮುಂದು ಹಿಂದಾಗುವ ಕಾಟ ಬಹಳ ಕಡಮೆ. ಸೋನಿ ಸಂಸ್ಥೆ 2011ರಲ್ಲಿಯೇ ತನ್ನ ಬುಡದ ಮೂಲ ವಿವರಗಳನ್ನು ಹೊರಗಿನವರಿಗೆ ತೆರೆದಿಟ್ಟಿತು. ಅದರ ಫಲವಾಗಿ 2021ರಲ್ಲಿ ಟ್ಯಾಮ್ರಾನಿನ 17–70, ಸಿಗ್ಮಾದ 18–50 ಎರಡೂ ಎಫ್ 2.8ರಲ್ಲಿ ಬಂದವು. ಸಿಗ್ಮಾದ ಲೆನ್ಸು 300 ಗ್ರಾಂಗೂ ಕಡಮೆ ತೂಗುತ್ತದೆ. ಕ್ಯಾನನಿನ ಹೊಸ ಬುಡಕ್ಕೆ ಈ ಇಬ್ಬರೂ ಅನುಮತಿ ಪಡೆದು ಕಾಲಿಟ್ಟದ್ದು 2024ರಲ್ಲಿ. ಹೊಸದಾಗಿ ಕ್ಯಾಮರಾವನ್ನೇ ಕೊಳ್ಳುವವರು ಮೊದಲು ಆ ಬುಡಕ್ಕೆ ಎಷ್ಟು ಮಂದಿ ಲೆನ್ಸು ಮಾಡುತ್ತಾರೆಂದು ವಿಚಾರಿಸಿಕೊಂಡು ಮುಂದುವರಿಯುವುದು ಜಾಣತನ. ಈ ಸಂಸಾರಕ್ಕಂತೂ ಆ ಯೋಚನೆ ಈಗ ಇಲ್ಲ.

ಕೊನೆಗೆ ಯಜಮಾನರು ಮೂರು ಲೆನ್ಸುಗಳನ್ನು ನೋಡಿ, ಒಂದನ್ನು ಬೂಷ್ಟಿಗಾಗಿಯೂ ಒಂದನ್ನು ಮೋಟಾರಿಲ್ಲದ ಕಾರಣಕ್ಕೂ ಬಿಟ್ಟು, ಮೂರನೆಯದನ್ನು ಮನೆಗೆ ತಂದರು. 25 ಸಾವಿರದಲ್ಲಿ ಹಣ ಉಳಿಯಿತು. ಅದು ಹೂವಿನ ಬಾಬಿಗೆ ಹೋಯಿತು. ಲೆನ್ಸು ಚರ್ಮದ ಚೀಲಕ್ಕೆ ಹೋಗಲಿಲ್ಲ. ಗಾಳಿಯಾಡದ ಉಪ್ಪಿನಕಾಯಿ ಡಬ್ಬಿಯೊಂದನ್ನು ಮನೆಯಾಕೆ ತೊಳೆದು ಒಣಗಿಸಿ, ತಳದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಅದರಲ್ಲಿ ಇರಿಸಿದರು.

ಅಭ್ಯಾಸ ಆಗಲೇ ಆರಂಭವಾಗಿದೆ. ತೀರ್ಮಾನದ ಕೊನೆಯ ಏಟಿಗೆ ನರ್ತಕಿ ಒಂದು ಕ್ಷಣ ವಿಗ್ರಹದಂತೆ ನಿಲ್ಲುತ್ತಾಳೆಂಬುದನ್ನು ಯಜಮಾನರು ಈಗ ಕಂಡುಕೊಂಡಿದ್ದಾರೆ. ಆ ಕ್ಷಣ ಕಾದು ಒತ್ತಿದರೆ ಸಾಧಾರಣ ಬೆಳಕಿನಲ್ಲಿಯೂ ಬೆರಳುಗಳು ಒಂದೊಂದಾಗಿ ಎಣಿಸುವಂತೆ ಬರುತ್ತವೆ. ಅದಕ್ಕಾಗಿ ಜತಿಯ ಲೆಕ್ಕವನ್ನು ಮಗಳಿಂದಲೇ ಕಲಿಯಬೇಕಾಗಿ ಬಂದಿದೆ. ಬ್ಯಾಂಕಿಗೆ ಹೋಗುವ ಬಸ್ಸಿನಲ್ಲಿ ಅವರು ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ.

ಸ್ಥಳದ ಪ್ರಶ್ನೆಯೊಂದು ಉಳಿದಿತ್ತು. ಮೊದಲ ಸಾಲು ಗುರುಗಳ ಅತಿಥಿಗಳಿಗೂ ಅಜ್ಜಿಗೂ ಮೀಸಲು. ಅಜ್ಜಿಯ ಕುರ್ಚಿಯ ಎದುರಿಗೆ, ಅವರ ನೋಟಕ್ಕೆ ಅಡ್ಡ ಬಾರದಂತೆ ಓರೆಯಾಗಿ, ನೆಲದ ಮೇಲೆ ಒಂದು ಚಾಪೆ ಹಾಕಿಕೊಳ್ಳುವುದೆಂದು ಸಭಾಭವನದವರನ್ನು ಒಪ್ಪಿಸಿದ್ದಾಗಿದೆ. ಮಗಳದು ಒಂದೇ ಷರತ್ತು.

"ಅಪ್ಪ, ತಿಲ್ಲಾನದ ಹೊತ್ತಿಗೆ ನಿಮ್ಮ ಮುಖ ನನಗೆ ಕಾಣಿಸಬೇಕು. ಕ್ಯಾಮರಾ ಅಲ್ಲ."

ತಿಲ್ಲಾನದ ಚಿತ್ರಗಳನ್ನು ಶಿವಮೊಗ್ಗದ ಮಾವನೇ ತೆಗೆಯುವುದೆಂದು ಗೊತ್ತಾಗಿದೆ. ಆತನು ತನ್ನ 70–300ನ್ನು ಊರಿನಲ್ಲಿಯೇ ಬಿಟ್ಟು ಬರತಕ್ಕದ್ದೆಂದು ಅಕ್ಕನ ಅಪ್ಪಣೆಯೂ ಆಗಿದೆ.